ಡಯಾಲಿಸಿಸ್ ವಾರ್ಡಿನಲ್ಲಿ ಕಲಿತ ಲಿನಕ್ಸ್

ನಮ್ಮ ಮನೆ ಇರುವುದು ಮಸ್ಕಿಯಲ್ಲಿ. ನಾನು ಕೆಲಸ ಮಾಡುವುದು ಸಿಂಧನೂರಿನ ಒಂದು ಖಾಸಗಿ ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ. ನನ್ನ ಗಂಡನಿಗೆ ವಾರಕ್ಕೆರಡು ಸಲ ಡಯಾಲಿಸಿಸ್ ಮಾಡಿಸುತ್ತಿದ್ದದ್ದು ಲಿಂಗಸುಗೂರಿನಲ್ಲಿ. ಮೂರೂ ಊರು ಒಂದೇ ರಸ್ತೆಯ ಮೇಲಿವೆ, ಮಸ್ಕಿ ನಡುವೆ. ಬಸ್ ಸ್ಟ್ಯಾಂಡಿಗೆ ಬಂದು ವಾರದಲ್ಲಿ ನಾಲ್ಕು ದಿನ ಸಿಂಧನೂರಿನ ಬಸ್ಸು ಹತ್ತುತ್ತಿದ್ದೆ. ಮಂಗಳವಾರ ಮತ್ತು ಶನಿವಾರ ಅವರನ್ನು ಕರೆದುಕೊಂಡು ಎದುರು ದಿಕ್ಕಿನ ಬಸ್ಸು. ಹೀಗೆ ಒಂದೂವರೆ ವರ್ಷ ನಡೆಯಿತು.

ಅವರು ಮೋಟಾರು ರಿವೈಂಡಿಂಗ್ ಕೆಲಸದವರು. ಸುಟ್ಟುಹೋದ ಪಂಪ್‌ಸೆಟ್ಟಿನ ಮೋಟಾರು ಬಿಚ್ಚಿ, ಕರಕಲಾದ ಹಳೆಯ ತಂತಿ ಕಿತ್ತು, ಹೊಸ ತಾಮ್ರದ ತಂತಿ ಸುತ್ತುವುದು. ಹದಿನೇಳನೇ ವಯಸ್ಸಿಗೆ ಸಿಂಧನೂರಿನಲ್ಲಿ ಒಬ್ಬ ತೆಲುಗು ಮೇಸ್ತ್ರಿಯ ಕೈಕೆಳಗೆ ಕಲಿತದ್ದು. ಕಾಲುವೆಗೆ ನೀರು ಬಿಟ್ಟ ತಿಂಗಳಲ್ಲಿ ವಳಕಮದಿನ್ನಿ, ಮುಕ್ಕುಂದ, ದಢೇಸುಗೂರು ಕಡೆಯಿಂದ ಟ್ರ್ಯಾಕ್ಟರಿನಲ್ಲಿ ಮೋಟಾರುಗಳು ಬರುತ್ತಿದ್ದವಂತೆ. ಮುಂದೆ ಮಸ್ಕಿಯಲ್ಲೇ ಒಬ್ಬ ಪಾಲುದಾರನ ಜೊತೆ ಅಂಗಡಿ ಹಾಕಿದರು. ಹತ್ತನೇ ತರಗತಿ ಪಾಸಾಗಿರಲಿಲ್ಲ. ಆದರೆ ಯಾವ ಮೋಟಾರಿಗೆ ಎಷ್ಟು ಸುತ್ತು, ಯಾವ ಗೇಜಿನ ತಂತಿ ಎಂಬುದೆಲ್ಲ ತಲೆಯಲ್ಲೇ ಇತ್ತು. ಒಂದು ಚೀಟಿಯನ್ನೂ ಇಟ್ಟುಕೊಂಡವರಲ್ಲ. ಇಂಗ್ಲಿಷ್ ಅಕ್ಷರ ಅವರಿಗೆ ರೂಢಿಯಾದದ್ದು ಮೋಟಾರಿನ ಬೆನ್ನಿಗಿರುವ ತಗಡಿನ ಪಟ್ಟಿಗಳನ್ನು ಓದಿ ಓದಿ.

ಕಿಡ್ನಿ ಹೋದ ಮೇಲೆ ಅಂಗಡಿಗೆ ಹೋಗುವುದು ನಿಂತಿತು. ಡಯಾಲಿಸಿಸ್ ಸೂಜಿ ಚುಚ್ಚಲು ಎಡಗೈಯ ರಕ್ತನಾಳಗಳನ್ನು ಜೋಡಿಸಿ ಫಿಸ್ಟುಲಾ ಮಾಡಿದ್ದರಿಂದ ಭಾರ ಎತ್ತುವಂತಿರಲಿಲ್ಲ. ಬೆರಳ ತುದಿಗಳು ಜೋಮು ಹಿಡಿಯುತ್ತಿದ್ದವು. ಡಯಾಲಿಸಿಸ್ ಇಲ್ಲದ ದಿನ ಮುಂಜಾನೆ ನನ್ನ ಅತ್ತೆ ಹಚ್ಚಿದ ವಿಭೂತಿ ಮಾಸುವವರೆಗೆ ಪಡಸಾಲೆಯಲ್ಲಿ ಕೂತು ರಸ್ತೆ ನೋಡುತ್ತಿದ್ದರು. ನಮ್ಮ ನಡುವೆ ಮಾತು ಮೊದಲಿನಿಂದಲೂ ಕಡಿಮೆ. ಈಗ ಅದು ಮಾತ್ರೆ, ನೀರಿನ ಅಳತೆ, ಬಸ್ಸಿನ ವೇಳೆ ಇಷ್ಟಕ್ಕೇ ಇಳಿದಿತ್ತು.

ಆ ವರ್ಷ ದೀಪಾವಳಿ ಕಳೆದ ಮೇಲೆ ಕಾಲೇಜಿನಲ್ಲಿ ಒಂದು ಸುದ್ದಿ ಬಂತು. ಮುಂದಿನ ವರ್ಷದಿಂದ ಲ್ಯಾಬಿನ ಎಲ್ಲ ಕಂಪ್ಯೂಟರುಗಳಿಗೂ ವಿಂಡೋಸ್ ತೆಗೆದು ಲಿನಕ್ಸ್ ಹಾಕುತ್ತಾರೆ, ಪಾಠವೂ ಅದರಲ್ಲೇ ಆಗಬೇಕು. ನನಗೆ ಬರುತ್ತಿದ್ದದ್ದು ಮೌಸ್ ಹಿಡಿದು ಚಿತ್ರದ ಮೇಲೆ ಒತ್ತುವ ಕಂಪ್ಯೂಟರು. ಹೊಸದು ಹಾಗಲ್ಲ. ಕಪ್ಪು ಪರದೆಯ ಮೇಲೆ ಆಜ್ಞೆಗಳನ್ನು ಒಂದೊಂದಾಗಿ ಟೈಪ್ ಮಾಡಬೇಕು. ಜೂನ್ ತಿಂಗಳಲ್ಲಿ ಆಡಳಿತ ಮಂಡಳಿಯ ಮುಂದೆ ಒಂದು ಪಾಠ ಮಾಡಿ ತೋರಿಸಬೇಕೆಂದೂ, ಆಗದವರ ಜಾಗಕ್ಕೆ ಬೇರೆಯವರನ್ನು ತೆಗೆದುಕೊಳ್ಳುತ್ತಾರೆಂದೂ ನಮ್ಮ ವಿಭಾಗದ ಹಿರಿಯ ಉಪನ್ಯಾಸಕರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು.

‘ಮನ್ಯಾಗ ಕಂಪ್ಯೂಟರ್ ಇಲ್ರೀ ಸರ್. ಇಲ್ಲಿ ಕುಂತು ಕಲೀಬೇಕಂದ್ರ ನನಗ ಟೈಮ್ ಎಲ್ಲೈತಿ’ ಎಂದೆ.

‘ಹಳೇದು ಒಂದು ಟ್ಯಾಬು ಗೀಬು ಐತೇನ್ರಿ?’

‘ಮಗಳದು ಒಂದೈತಿ. ಸತ್ತು ಬಿದ್ದೈತಿ ಅದು.’

‘ಚಾಲೂ ಆದ್ರ ಸಾಕ್ರೀ. ಕಲಿಯಾಕ ದೊಡ್ಡ ಮಷೀನ್ ಬೇಕಾಗಂಗಿಲ್ಲ. ಒಂದು ಆ್ಯಪ್ ಹಾಕಿಕೊಡ್ತೀನಿ, ಕಪ್ಪು ಪರದೆ ಬರತೈತಿ. ಬಸ್ಸಿನಾಗ ಕುಂತ ಕಲೀರಿ.’

ಆ ಟ್ಯಾಬನ್ನು ಕೊಂಡದ್ದು ಕೊರೋನಾ ಕಾಲದಲ್ಲಿ, ಮಗಳ ಆನ್‌ಲೈನ್ ಪಾಠಕ್ಕೆ. ಆಗಲೇ ಅದು ಬಡಕಲು ಯಂತ್ರ. ಏಳು ಇಂಚಿನ ಪರದೆ, ಒಂದು ಜಿಬಿ ರ‍್ಯಾಮು, ಎಂಟು ಜಿಬಿ ಜಾಗ. ಮಗಳು ಈಗ ರಾಯಚೂರಿನಲ್ಲಿ ಹಾಸ್ಟೆಲಿನಲ್ಲಿದ್ದು ನರ್ಸಿಂಗ್ ಓದುತ್ತಾಳೆ. ಟ್ಯಾಬು ಅಟ್ಟದ ಮೇಲಿನ ಟ್ರಂಕಿನಲ್ಲಿತ್ತು. ತೆಗೆದು ನೋಡಿದರೆ ಬ್ಯಾಟರಿ ಉಬ್ಬಿ ಹಿಂದಿನ ಮುಚ್ಚಳ ಬಾಯಿ ಬಿಟ್ಟಿತ್ತು. ಎಸೆಯಬೇಕೆಂದು ಪಡಸಾಲೆಯ ಮೂಲೆಯಲ್ಲಿಟ್ಟೆ.

ಮರುದಿನ ಸಂಜೆ ಕಾಲೇಜಿನಿಂದ ಬಂದಾಗ ಅವರು ಚಾಪೆಯ ಮೇಲೆ ಕೂತು ಅದನ್ನು ಬಿಚ್ಚಿದ್ದರು. ಎಷ್ಟೋ ತಿಂಗಳ ಮೇಲೆ ಮನೆಯಲ್ಲಿ ಬೆಸುಗೆಯ ವಾಸನೆ. ಹಳೆಯ ಬಸ್ ಸ್ಟ್ಯಾಂಡಿನ ಮೊಬೈಲ್ ರಿಪೇರಿ ಅಂಗಡಿಯಿಂದ ಬೇರೆ ಬ್ಯಾಟರಿ ತರಿಸಿ, ಎರಡು ತಂತಿ ಬೆಸೆದಿದ್ದರು. ಅದು ಗಾತ್ರದಲ್ಲಿ ದೊಡ್ಡದಾಗಿದ್ದರಿಂದ ಮುಚ್ಚಳ ಕೂಡಲಿಲ್ಲ. ಮೋಟಾರಿಗೆ ಬಳಸುವ ಹಳದಿ ಬಟ್ಟೆಪಟ್ಟಿ ಸುತ್ತಿ ಬಿಗಿದರು. ಬೆರಳಲ್ಲಿ ಸ್ಪರ್ಶವಿರಲಿಲ್ಲವಾದ್ದರಿಂದ ಹೆಬ್ಬೆರಳು ಸುಟ್ಟುಕೊಂಡದ್ದು ಅವರಿಗೆ ಗೊತ್ತೇ ಆಗಿರಲಿಲ್ಲ. ಬೊಬ್ಬೆ ನೋಡಿ ನಾನೇ ಹೇಳಿದೆ.

‘ಇರಲಿ. ಒತ್ತು ನೋಡು’ ಎಂದರು.

ಒತ್ತಿದೆ. ಪರದೆ ಬೆಳಗಲು ಬಹಳ ಹೊತ್ತು ಹಿಡಿಯಿತು. ಬೆಳಗಿತು.

ಲಿಂಗಸುಗೂರಿನ ಡಯಾಲಿಸಿಸ್ ಕೋಣೆಯಲ್ಲಿ ಐದು ಹಾಸಿಗೆ. ಒಂದು ಸಲ ಸೂಜಿ ಚುಚ್ಚಿದರೆ ನಾಲ್ಕು ತಾಸು ಅಲುಗಾಡುವಂತಿಲ್ಲ. ಜೊತೆಗೆ ಬಂದವರಿಗೆ ಒಂದೊಂದು ಪ್ಲಾಸ್ಟಿಕ್ ಸ್ಟೂಲು. ಮೊದಲೆಲ್ಲ ನಾನು ಆ ಸ್ಟೂಲಿನ ಮೇಲೆ ಕೂತು ಯಂತ್ರದಲ್ಲಿ ತಿರುಗುವ ರಕ್ತ ನೋಡುತ್ತಿದ್ದೆ, ಇಲ್ಲವೆ ತೂಕಡಿಸುತ್ತಿದ್ದೆ. ಈಗ ಟ್ಯಾಬು ಹಿಡಿದು ಕೂರತೊಡಗಿದೆ. ಹಿರಿಯ ಉಪನ್ಯಾಸಕರು ಒಂದು ಪುಸ್ತಕದ ಜೆರಾಕ್ಸ್ ಕೊಟ್ಟಿದ್ದರು. ಅದರಲ್ಲಿದ್ದ ಆಜ್ಞೆಗಳನ್ನು ಒಂದೊಂದಾಗಿ ಹೊಡೆದು ನೋಡುವುದು, ಅದು ಏನು ಹೇಳುತ್ತದೆಂದು ಬರೆದುಕೊಳ್ಳುವುದು. ಪರದೆಯ ಅರ್ಧವನ್ನು ಅಕ್ಷರಗಳ ಕೀಬೋರ್ಡೇ ತಿಂದುಬಿಡುತ್ತಿತ್ತು. ಉಳಿದರ್ಧದಲ್ಲಿ ಕಪ್ಪು ಹಿನ್ನೆಲೆಯ ಮೇಲೆ ಬಿಳಿ ಸಾಲುಗಳು.

ಎರಡು ವಾರ ಅವರು ಸುಮ್ಮನೆ ನೋಡಿದರು. ಒಂದು ಮಂಗಳವಾರ ಕೇಳಿದರು, ‘ಏನು ಕೇಳಾಕತ್ತೀ ಅದಕ್ಕ?’

‘ಪಿಡಬ್ಲ್ಯುಡಿ ಅಂತ ಹೊಡದೀನ್ರಿ.’

‘ಪಿಡಬ್ಲ್ಯುಡಿ ಅಂದ್ರ ರಸ್ತೆ ಮಾಡೋರಲ್ಲೇನು?’

‘ಇದರಾಗ ಅದು ಬ್ಯಾರೆ. ನಾ ಈಗ ಎಲ್ಲಿದ್ದೀನಿ ಅಂತ ಕೇಳೋದು.’

ಅವರು, ‘ರಸ್ತೆ ಮಾಡೋರಿಗೂ ಅದು ಗೊತ್ತಿರಂಗಿಲ್ಲ’ ಎಂದರು. ಪಕ್ಕದ ಹಾಸಿಗೆಯ ಮುದುಕರು ನಕ್ಕರು. ಇವರೂ ನಕ್ಕರು. ನಗುವಾಗ ಎಡಗೈ ಅಲುಗಿತೆಂದು ಯಂತ್ರ ಕೂಗಿಕೊಂಡಿತು, ನರ್ಸು ಬಂದು ಬೈದು ಹೋದಳು. ಆ ಕೋಣೆಯಲ್ಲಿ ಅವರು ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಅಂದಿನಿಂದ ಬಲಗೈಗೆ ಟ್ಯಾಬು ಕೊಡು ಎನ್ನತೊಡಗಿದರು. ಎದೆಯ ಮೇಲೆ ಒರಗಿಸಿಕೊಂಡು ತೋರುಬೆರಳಿನಿಂದ ಒಂದೊಂದೇ ಅಕ್ಷರ ಒತ್ತುತ್ತಿದ್ದರು. ಒಂದು ಸಾಲಿಗೆ ಎರಡು ಮೂರು ನಿಮಿಷ. ಆದರೆ ಒಮ್ಮೆ ಹೇಳಿದ್ದನ್ನು ಮರೆಯುತ್ತಿರಲಿಲ್ಲ. ನಾನು ಮತ್ತೆ ಮತ್ತೆ ಜೆರಾಕ್ಸ್ ತಿರುವುವಾಗ ಅವರು ಕಣ್ಣು ಮುಚ್ಚಿಕೊಂಡೇ ಹೇಳಿಬಿಡುತ್ತಿದ್ದರು. ‘ಎಲ್ ಎಸ್ ಅಂದ್ರ ಒಳಗ ಏನೇನೈತಿ ತೋರಸು. ಸಿ ಡಿ ಅಂದ್ರ ಆ ಕ್ವಾಣಿಗೆ ಹೋಗು. ಎಕ್ಸಿಟ್ ಅಂದ್ರ ಬಂದ್ ಮಾಡು.’ ಒಂದರೊಳಗೊಂದು ಫೋಲ್ಡರು ಇರುವ ಕ್ರಮವನ್ನು ನಾನು ಚಿತ್ರ ಬರೆದು ವಿವರಿಸಹೊರಟರೆ, ‘ಗೊತ್ತಾತು ಬಿಡು. ಮೋಟಾರಿನ ಸ್ಲಾಟ್ ಇದ್ದಂಗ. ಯಾವ ಸ್ಲಾಟಿನಾಗ ಯಾವ ತಂತಿ ಅಂತ ಮಾಲೂಮ್ ಇರಬೇಕು. ತಪ್ಪಿತಂದ್ರ ಪುರಾ ಸುಡತೈತಿ’ ಎಂದರು.

ಅದರಲ್ಲಿ ಬರೆದಿಡಲು ಒಂದು ಸಣ್ಣ ಎಡಿಟರ್ ಇತ್ತು. ಅದನ್ನು ತೋರಿಸಿಕೊಟ್ಟ ಮೇಲೆ ಅವರು ‘ಮೋಟಾರ್’ ಎಂಬ ಒಂದು ಫೋಲ್ಡರು ಮಾಡಿಕೊಂಡರು. ಒಂದೊಂದು ಬಗೆಯ ಮೋಟಾರಿಗೆ ಒಂದೊಂದು ಫೈಲು. ಎಷ್ಟು ಎಚ್‌ಪಿ, ಎಷ್ಟು ಸ್ಲಾಟು, ಸುತ್ತು ಎಷ್ಟು, ಗೇಜು ಎಷ್ಟು. ತಲೆಯಲ್ಲಿದ್ದದ್ದನ್ನು ಹಾಗೆ ಇಳಿಸುತ್ತಿದ್ದರು. ಒಂದು ದಿನಕ್ಕೆ ಒಂದು ಫೈಲು ಮುಗಿದರೆ ಹೆಚ್ಚು. ಯಾಕೆ ಎಂದು ನಾನು ಕೇಳಲಿಲ್ಲ. ಅವರೇ ಹೇಳಿದರು, ‘ಅಂಗಡ್ಯಾಗ ಅಂವ ಒಬ್ಬಾಂವ ಅದಾನ. ನಾ ಇಲ್ಲದಾಗ ಬೇಕಾಗತೈತಿ ಅವಗ.’ ಪಾಲುದಾರನ ಕುರಿತು ಹೇಳಿದ ಮಾತು. ಅವನು ಇವರಿಗಿಂತ ಹತ್ತು ವರ್ಷ ಚಿಕ್ಕವನು, ಅಣ್ಣಾ ಎಂದೇ ಕರೆಯುತ್ತಿದ್ದ. ‘ನಾ ಇಲ್ಲದಾಗ’ ಎಂಬ ಮಾತು ಕೇಳಿಸಿದರೂ ಕೇಳಿಸದವಳಂತೆ ಯಂತ್ರದ ಕಡೆ ನೋಡಿದೆ.

ಫೆಬ್ರುವರಿ ಮುಗಿಯುವ ಹೊತ್ತಿಗೆ ನನ್ನ ಪಾಠದ ಟಿಪ್ಪಣಿ ಇಪ್ಪತ್ತಕ್ಕೂ ಹೆಚ್ಚು ಫೈಲುಗಳಾಗಿದ್ದವು. ಅವರದು ಹದಿನಾಲ್ಕು. ಅವುಗಳ ಇನ್ನೊಂದು ಪ್ರತಿ ಬೇರೆಡೆ ಇಡಬೇಕಿತ್ತು. ಲ್ಯಾಬಿನಲ್ಲಿ ಮಕ್ಕಳಿಗೆ ದಿನಾ ಹೇಳುವ ಮಾತದು. ನಾನು ಇಟ್ಟಿರಲಿಲ್ಲ.

ಮಾರ್ಚಿನ ಒಂದು ಶನಿವಾರ. ಹಿಂದಿನ ದಿನ ಕಾಲೇಜಿನಲ್ಲಿ ಜೂನಿನ ಡೆಮೊ ಪಾಠದ ಪಟ್ಟಿ ಅಂಟಿಸಿದ್ದರು, ನನ್ನ ಹೆಸರು ಮೊದಲಿಗಿತ್ತು. ಮುಂಜಾನೆ ಬಸ್ಸಿನಲ್ಲಿ ಅವರು ಕಿಟಕಿಗೆ ತಲೆಯಿಟ್ಟು ನಿದ್ದೆ ಹೋದರು, ನಾನು ಟ್ಯಾಬಿನಲ್ಲಿ ಹೊಸ ಪಾಠ ಅಭ್ಯಾಸ ಮಾಡುತ್ತ ಹೋದೆ. ಲಿಂಗಸುಗೂರು ಬಂತು, ಮುಚ್ಚಿ ಚೀಲಕ್ಕೆ ಹಾಕಿದೆ. ಅವರನ್ನು ಹಾಸಿಗೆಗೆ ಸೇರಿಸಿ, ಸೂಜಿ ಹಾಕಿದ ಮೇಲೆ ಟ್ಯಾಬು ಅವರ ಕೈಗಿತ್ತು, ಇಂಜೆಕ್ಷನ್ ತರಲು ಹೊರಗಿನ ಔಷಧ ಅಂಗಡಿಗೆ ಹೋದೆ. ಸರದಿ ಉದ್ದವಿತ್ತು. ಅರ್ಧ ತಾಸು ಹಿಡಿಯಿತು. ತಿರುಗಿ ಬಂದಾಗ ಅವರು ತಲೆ ಎತ್ತಿ ನನ್ನನ್ನೇ ಕಾಯುತ್ತಿದ್ದರು.

‘ಇದರಾಗ ಏನೂ ಕಾಣವಲ್ದು ನೋಡು’ ಎಂದರು.

ಟ್ಯಾಬು ಕಸಿದುಕೊಂಡು ಎಲ್ ಎಸ್ ಹೊಡೆದೆ. ಖಾಲಿ. ಫೋಲ್ಡರುಗಳಿಲ್ಲ, ಫೈಲುಗಳಿಲ್ಲ. ಇನ್ನೊಮ್ಮೆ ಹೊಡೆದೆ. ಏನೂ ಇಲ್ಲ. ಲಿನಕ್ಸಿನ ಆ ಕಪ್ಪು ಪರದೆಯಲ್ಲಿ ಅಳಿಸಿದ್ದನ್ನು ಮರಳಿ ತರುವ ಬುಟ್ಟಿ ಇರುವುದಿಲ್ಲ. ಹೋಯಿತೆಂದರೆ ಹೋಯಿತು.

‘ಏನು ಹೊಡದ್ರಿ?’

‘ನಾ ಎಲ್ ಎಸ್ ಹೊಡದೆ ಅಷ್ಟ.’

‘ಎಲ್ ಎಸ್ ಹೊಡದ್ರ ಅಳಿಸಿಹೋಗತೈತೇನ್ರಿ?’

ನಾನು ನಿಲ್ಲಿಸಲಿಲ್ಲ. ‘ಗೊತ್ತಿಲ್ಲದ್ದಕ್ಕ ಯಾಕ ಕೈ ಹಾಕ್ತೀರಿ? ನಿಮ್ಮ ಸಲುವಾಗಿ ಓಡ್ಯಾಡಿ ಓಡ್ಯಾಡಿ ನಾ ಅರ್ಧ ಆಗೀನಿ. ನನ್ನದು ಅಂತ ಇದೊಂದು ಇತ್ತು. ಇದನ್ನೂ ಉಳಿಸಲಿಲ್ಲ ನೀವು’ ಎಂದೆ. ದನಿ ಎಷ್ಟು ಏರಿತ್ತೋ ಗೊತ್ತಿಲ್ಲ. ಐದೂ ಹಾಸಿಗೆಯವರು ನಮ್ಮ ಕಡೆ ತಿರುಗಿದ್ದರು. ನರ್ಸು ಬಾಗಿಲಲ್ಲಿ ನಿಂತಿದ್ದಳು, ಆದರೆ ಈ ಸಲ ಬೈಯಲಿಲ್ಲ. ಅವರು ಚಾವಣಿ ನೋಡುತ್ತ ಮಲಗಿದರು. ಎದ್ದು ಹೋಗುವಂತಿರಲಿಲ್ಲ, ಮಗ್ಗಲು ಬದಲಿಸುವಂತೆಯೂ ಇರಲಿಲ್ಲ. ಇನ್ನೂ ಮೂರು ತಾಸು ಹಾಗೆಯೇ ಇರಬೇಕಿತ್ತು.

ಸಂಜೆ ಬಸ್ಸಿನಲ್ಲಿ ಮಸ್ಕಿ ಹತ್ತಿರವಾದಾಗ ಅವರು, ‘ನನ್ನಿಂದಾನ ಆಗಿರಬೇಕು ಬಿಡು. ಬೆರಳಿಗೆ ಖಬರ್ ಇಲ್ಲ. ಎಲ್ಲೆ ಒತ್ತೀತೋ ಏನೋ’ ಎಂದರು.

‘ಇರಲಿ ಬಿಡ್ರಿ’ ಎಂದೆ. ಅದರರ್ಥ ಕ್ಷಮಿಸಿದ್ದೇನೆ ಎಂದು.

ಅಲ್ಲಿಂದ ಮುಂದೆ ಅವರು ಟ್ಯಾಬು ಮುಟ್ಟಲಿಲ್ಲ. ನಾನು ಟಿಪ್ಪಣಿಗಳನ್ನು ಮೊದಲಿನಿಂದ ಬರೆಯತೊಡಗಿದೆ, ಈ ಸಲ ನೋಟ್‌ಬುಕ್ಕಿನಲ್ಲಿ. ಒಂದು ಮಂಗಳವಾರ ನಾನಾಗಿಯೇ ಟ್ಯಾಬನ್ನು ಅವರ ಕೈಗೆ ಕೊಡಹೋದೆ. ‘ಮತ್ತ ಬರೀರಿ. ನಿಮ್ಮ ಮೋಟಾರ್ ಲೆಕ್ಕ ತಲ್ಯಾಗ ಐತಲ್ಲ’ ಎಂದೆ.

‘ಒಲ್ಲೆ. ನೀ ಮಾಡು, ನಾ ನೋಡ್ತೀನಿ’ ಎಂದರು. ಆದರೆ ನೋಡುತ್ತಲೂ ಇರಲಿಲ್ಲ. ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಎಲ್ಲೋ ಸಿಕ್ಕಿಕೊಂಡಾಗ ನಾನು ಬೇಕೆಂದೇ ಗಟ್ಟಿಯಾಗಿ, ‘ಈ ಕ್ವಾಣಿಯಿಂದ ಹೊರಗ ಬರಬೇಕಂದ್ರ ಏನು ಹೊಡೀಬೇಕ್ರಿ?’ ಎಂದು ಕೇಳಿದ್ದುಂಟು. ಗೊತ್ತಿದ್ದರೂ ಹೇಳುತ್ತಿರಲಿಲ್ಲ. ‘ನೆಪ್ಪಿಲ್ಲ’ ಎನ್ನುತ್ತಿದ್ದರು. ಇಷ್ಟು ಸಣ್ಣದಕ್ಕೆ ಇಷ್ಟು ಸಿಟ್ಟೇಕೆ, ತಪ್ಪು ಮಾಡಿದವರು ಅವರು, ಸಹಿಸಿಕೊಂಡವಳು ನಾನು ಎಂದು ಒಳಗೊಳಗೇ ನನಗೆ ಅನಿಸುತ್ತಿತ್ತು. ಆ ಎಂಟು ಹತ್ತು ವಾರ ನಾನು ಅವರ ಜೊತೆ ದೊಡ್ಡ ಮನಸ್ಸಿನವಳಂತೆ ನಡೆದುಕೊಂಡೆ. ಈಗ ನೆನೆದರೆ ನನಗೆ ಎಲ್ಲಕ್ಕಿಂತ ನಾಚಿಕೆಯಾಗುವುದು ಅದಕ್ಕೇ.

ಮೇ ತಿಂಗಳ ಬಿಸಿಲಿಗೆ ಅವರಿಗೆ ನೀರಡಿಕೆ ತಡೆಯಲಾಗುತ್ತಿರಲಿಲ್ಲ. ದಿನಕ್ಕೆ ಇಷ್ಟೇ ಎಂದು ಅಳೆದಿಟ್ಟ ನೀರು ಮಧ್ಯಾಹ್ನಕ್ಕೇ ಮುಗಿಯುತ್ತಿತ್ತು. ಒಂದು ಗುರುವಾರ ಮುಂಜಾನೆ ನಾನು ಕೆಲಸಕ್ಕೆ ಹೊರಟಾಗ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದರು, ಮುಖ ಸ್ವಲ್ಪ ಬಾತಿತ್ತು. ‘ನಾಡಿದ್ದು ಶನಿವಾರ ಐತಿ, ಅಲ್ಲೀತನ ನೀರು ಕಡಿಮಿ ಕುಡೀರಿ’ ಎಂದು ಹೇಳಿ ಬಸ್ಸಿಗೆ ಓಡಿದೆ.

ಹನ್ನೊಂದು ಗಂಟೆಗೆ ಲ್ಯಾಬಿನಲ್ಲಿದ್ದಾಗ ಅತ್ತೆಯ ಫೋನು. ‘ಉಸಿರು ಸಿಗವಲ್ದು ಅವಗ. ಅಂಗಡಿ ಹುಡುಗ ಗಾಡಿ ತಂದಾನ, ಲಿಂಗಸುಗೂರಿಗೆ ಒಯ್ಯಾಕತ್ತಾನ. ನೀ ಜಲ್ದಿ ಬಾ ಯವ್ವಾ.’ ಆಕೆ ಅಂಗಡಿ ಹುಡುಗ ಎಂದದ್ದು ಪಾಲುದಾರನನ್ನು. ಸಿಕ್ಕ ಬಸ್ಸು ಹತ್ತಿದೆ. ಅದು ಮಸ್ಕಿಯ ಸ್ಟ್ಯಾಂಡಿನಲ್ಲಿ ಹತ್ತು ನಿಮಿಷ ನಿಂತಿತು. ಕಿಟಕಿಯಿಂದ ನಮ್ಮ ಓಣಿಯ ತಿರುವು ಕಾಣುತ್ತಿತ್ತು. ಇಳಿಯಲಿಲ್ಲ. ಬಸ್ಸು ಹೊರಟು ಸ್ವಲ್ಪ ದೂರ ಹೋದ ಮೇಲೆ ಪಾಲುದಾರನ ಫೋನು ಬಂತು. ಅವನು ಬರೀ ಅಳುತ್ತಿದ್ದ. ನಾನು ಲಿಂಗಸುಗೂರಿನವರೆಗೆ ಟಿಕೆಟ್ ತೆಗೆದುಕೊಂಡಿದ್ದೆ, ಅಲ್ಲಿಯವರೆಗೆ ಕೂತೇ ಇದ್ದೆ.

ಜೂನ್ ತಿಂಗಳಲ್ಲಿ ಡೆಮೊ ಪಾಠ ಮಾಡಿದೆ. ಬಿಡಬಹುದಿತ್ತು, ಹಿರಿಯ ಉಪನ್ಯಾಸಕರು ಮುಂದಕ್ಕೆ ಹಾಕಿಸುತ್ತೇನೆಂದೂ ಹೇಳಿದ್ದರು. ಆದರೆ ಮನೆಯಲ್ಲಿ ಕೂತು ಮಾಡುವುದೇನಿತ್ತು. ನೋಟ್‌ಬುಕ್ಕು ನೋಡದೆ ನಲವತ್ತು ನಿಮಿಷ ಪಾಠ ಮಾಡಿದೆ. ಮಂಡಳಿಯವರು ತಲೆಯಾಡಿಸಿದರು. ಕೆಲಸ ಉಳಿಯಿತು. ಲ್ಯಾಬಿನ ಯಂತ್ರಗಳಿಗೆಲ್ಲ ಲಿನಕ್ಸ್ ಬಂತು. ಮಂಗಳವಾರ, ಶನಿವಾರ ಕೂಡ ಸಿಂಧನೂರಿನ ಬಸ್ಸೇ ಹತ್ತತೊಡಗಿದೆ.

ಶ್ರಾವಣದಲ್ಲಿ ಪಾಲುದಾರ ಮನೆಗೆ ಬಂದ. ಹಳೆಯ ಗಿರಾಕಿಯೊಬ್ಬರು ಮುಕ್ಕುಂದದಿಂದ ಒಂದು ಮೋಟಾರು ತಂದಿದ್ದರಂತೆ. ಅದನ್ನು ಹಿಂದೆ ಸುತ್ತಿದ್ದು ನನ್ನ ಗಂಡ. ತಂತಿ ಪೂರ್ತಿ ಸುಟ್ಟು ಸುತ್ತು ಎಣಿಸಲು ಬರುತ್ತಿರಲಿಲ್ಲ, ಬೆನ್ನಿನ ಪಟ್ಟಿಯೂ ಇರಲಿಲ್ಲ.

‘ಅಣ್ಣ ಎಲ್ಲೆರ ಬರದಿಟ್ಟಾನೇನ್ರಿ ಅತ್ತಿಗಿ? ದವಾಖಾನ್ಯಾಗ ಕುಂತು ಬರೀತೀನಿ ಅಂತ ಒಮ್ಮೆ ಅಂದಿದ್ದ.’

‘ಬರದಿದ್ದರು. ಅವರ ಕೈಯಿಂದಾನ ಎಲ್ಲಾ ಅಳಿಸಿಹೋತು. ಬೆರಳಿಗೆ ಗೊತ್ತಾಗತಿದ್ದಿಲ್ಲಲ್ಲ’ ಎಂದೆ.

‘ಹೌದ್ರೀ, ಪಾಪ’ ಎಂದ. ಚಹಾ ಕುಡಿದು ಹೋದ.

ದಸರೆ ರಜೆಯ ಕೊನೆಯ ದಿನ, ಭಾನುವಾರ ಮಧ್ಯಾಹ್ನ. ಸೋಮವಾರದ ಪಾಠ ‘ಹಿಸ್ಟರಿ’ ಎಂಬ ಆಜ್ಞೆಯ ಕುರಿತು. ನಾವು ಹೊಡೆದ ಆಜ್ಞೆಗಳನ್ನೆಲ್ಲ ಲಿನಕ್ಸ್ ಒಂದು ಬಚ್ಚಿಟ್ಟ ಫೈಲಿನಲ್ಲಿ ಸಾಲುಸಾಲಾಗಿ ಇಟ್ಟುಕೊಂಡಿರುತ್ತದೆ, ಕೇಳಿದರೆ ತೋರಿಸುತ್ತದೆ. ಸಾಮಾನ್ಯವಾಗಿ ಅಳಿಸುವಾಗ ಅಂಥ ಬಚ್ಚಿಟ್ಟ ಫೈಲುಗಳು ಅಳಿಯುವುದಿಲ್ಲ. ಇದನ್ನು ಮನೆಯಲ್ಲೇ ಒಮ್ಮೆ ಮಾಡಿ ನೋಡೋಣವೆಂದು ಟ್ಯಾಬು ತೆಗೆದೆ. ಲ್ಯಾಬಿನ ಯಂತ್ರಗಳಿಗೆ ಲಿನಕ್ಸ್ ಬಂದ ಮೇಲೆ ಅದನ್ನು ಹೆಚ್ಚು ಬಳಸಿರಲಿಲ್ಲ. ಆಜ್ಞೆ ಹೊಡೆದೆ. ಹಳೆಯ ಸಾಲುಗಳು ಪರದೆ ತುಂಬ ಹರಿದು ಬಂದವು. ಮೇಲಕ್ಕೆ ಸರಿಸುತ್ತ ಹೋದೆ.

ಆ ಶನಿವಾರದ ಸಾಲುಗಳು ಸಿಕ್ಕವು. ನಾನು ಬಸ್ಸಿನಲ್ಲಿ ಅಭ್ಯಾಸ ಮಾಡುತ್ತಿದ್ದ ಪಾಠ ಅದು, ಒಂದು ಫೈಲನ್ನು ಯಾರು ಓದಬಹುದು, ಯಾರು ತಿದ್ದಬಹುದು ಎಂದು ಅಪ್ಪಣೆ ಹಾಕುವುದು. ಅವರಿಗೆ ಆ ಪಾಠ ನಾನು ಹೇಳಿಕೊಟ್ಟೇ ಇರಲಿಲ್ಲ. ಅಭ್ಯಾಸಕ್ಕಾಗಿ ಟೆಸ್ಟ್ ಒಂದು, ಟೆಸ್ಟ್ ಎರಡು ಎಂದು ಆರು ಫೈಲು ಮಾಡಿದ್ದೆ. ಕೊನೆಗೆ ಅವುಗಳನ್ನು ಅಳಿಸಲು, ರೂಢಿಯಂತೆ ಫೋಲ್ಡರುಗಳನ್ನೂ ಅಳಿಸುವ ಗುರುತು ಸೇರಿಸಿ, ಒಂದು ಸಾಲು ಹೊಡೆದಿದ್ದೆ. ಟೆಸ್ಟ್ ಎಂದು ಬರೆದು ಅದಕ್ಕೆ ಅಂಟಿಸಿ ನಕ್ಷತ್ರದ ಗುರುತು ಹಾಕಿದರೆ, ಆ ಹೆಸರಿನಿಂದ ಶುರುವಾಗುವ ಫೈಲುಗಳು ಮಾತ್ರ ಅಳಿಯುತ್ತವೆ. ನನ್ನ ಸಾಲಿನಲ್ಲಿ ಟೆಸ್ಟ್ ಆದ ಮೇಲೆ ಒಂದು ಅಕ್ಷರದಷ್ಟು ಜಾಗ ಬಿಟ್ಟಿತ್ತು, ಆಮೇಲೆ ನಕ್ಷತ್ರ. ಬಸ್ಸು ಕುಲುಕಿತ್ತೋ, ಕೀಬೋರ್ಡು ತಾನೇ ಜಾಗ ಹಾಕಿತೋ. ಜಾಗ ಬಿಟ್ಟರೆ ಅದರ ಅರ್ಥ ಬೇರೆ. ಟೆಸ್ಟ್ ಎಂಬುದನ್ನು ಅಳಿಸು, ಮತ್ತು ಇಲ್ಲಿರುವ ಎಲ್ಲವನ್ನೂ ಅಳಿಸು.

ಆಗ ನೆನಪಾಯಿತು. ಟೆಸ್ಟ್ ಎಂಬ ಹೆಸರಿನದು ಇಲ್ಲ ಎಂದು ಪರದೆ ಒಂದು ಸಾಲು ಹೇಳಿತ್ತು. ಬಸ್ಸು ಸ್ಟ್ಯಾಂಡಿನೊಳಕ್ಕೆ ತಿರುಗುತ್ತಿತ್ತು. ಆಜ್ಞೆ ನಡೆಯಲಿಲ್ಲವೆಂದುಕೊಂಡು, ಆಮೇಲೆ ನೋಡೋಣವೆಂದು ಮುಚ್ಚಿದ್ದೆ. ಮುಂದಿನ ಸಾಲಿನಲ್ಲಿ ‘ಎಕ್ಸಿಟ್’ ಇತ್ತು. ಅದೂ ನನ್ನದೇ.

ಅದರ ಕೆಳಗಿನವು ಅವರ ಸಾಲುಗಳು. ಎಲ್ ಎಸ್. ಎಲ್ ಎಸ್. ಮೋಟಾರ್ ಫೋಲ್ಡರಿಗೆ ಹೋಗಲು ಒಂದು ಸಿ ಡಿ. ಎಲ್ ಎಸ್. ಪಿಡಬ್ಲ್ಯುಡಿ. ಮತ್ತೆ ಎಲ್ ಎಸ್, ಮತ್ತೆ ಎಲ್ ಎಸ್. ಆಮೇಲೆ, ಇಂಗ್ಲಿಷ್ ಅಕ್ಷರಗಳಲ್ಲಿ, ‘ವಾಪಸ್’. ಹಾಗೊಂದು ಆಜ್ಞೆ ಇಲ್ಲ. ಅದರ ಕೆಳಗೆ ಇನ್ನೊಮ್ಮೆ ‘ವಾಪಸ್’, ಈ ಸಲ ಒಂದು ಅಕ್ಷರ ಬದಲಿಸಿ. ಮೊದಲನೆಯದರಲ್ಲಿ ಅಕ್ಷರ ತಪ್ಪಿತೆಂದುಕೊಂಡಿರಬೇಕು. ಒಂದೊಂದು ಸಾಲಿಗೆ ಎರಡು ಮೂರು ನಿಮಿಷ. ನಾನು ಔಷಧ ಅಂಗಡಿಯ ಸರದಿಯಲ್ಲಿ ನಿಂತಿದ್ದ ಅರ್ಧ ತಾಸು ಪೂರ್ತಿ ಅವರು ಇದನ್ನೇ ಮಾಡಿದ್ದರು.

ಟ್ಯಾಬು ಕೆಳಗಿಟ್ಟು ಎದ್ದೆ. ಅತ್ತೆ ಹಿತ್ತಲಲ್ಲಿ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು. ಹೋಗಿ ಪಕ್ಕದಲ್ಲಿ ಕೂತೆ. ಆಕೆಗೆ ಟ್ಯಾಬು, ಫೈಲು ಯಾವುದೂ ಗೊತ್ತಿಲ್ಲ. ಆದರೂ ಹೇಳಿದೆ. ಅಂದು ದವಾಖಾನೆಯಲ್ಲಿ ನಿಮ್ಮ ಮಗನಿಗೆ ಎಲ್ಲರ ಮುಂದೆ ಬೈದೆ, ಅವರು ಬರೆದಿಟ್ಟದ್ದನ್ನೆಲ್ಲ ಅಳಿಸಿದ್ದು ನಾನು, ಅವರಲ್ಲ ಎಂದೆ. ಆಕೆ ಮೊರವನ್ನು ಕೆಳಗಿಟ್ಟರು.

‘ಅಂವ ಏನಂದ?’

‘ನನ್ನಿಂದಾನ ಆಗಿರಬೇಕು ಅಂದ್ರು.’

‘ಹಂಗ ಅಂತಾನ ಅಂವ’ ಎಂದರು. ‘ನನಗ ಹೇಳಿ ಏನು ಮಾಡ್ತಿ ಯವ್ವಾ. ನನಗೇನು ತಿಳೀತೈತಿ’ ಎಂದು ಮೊರ ಎತ್ತಿಕೊಂಡರು. ಸಿಟ್ಟಿರಲಿಲ್ಲ. ಸಮಾಧಾನವೂ ಇರಲಿಲ್ಲ. ಜೋಳದ ಧೂಳು ಹಾರಿ ನನ್ನ ಸೆರಗಿನ ಮೇಲೆ ಬೀಳುತ್ತಿತ್ತು. ಆ ಸಂಜೆ ಮಗಳಿಗೆ ಫೋನು ಮಾಡಿದೆ, ಆದರೆ ಊಟ, ಪರೀಕ್ಷೆ ಎಂದು ಮಾತಾಡಿ ಇಟ್ಟುಬಿಟ್ಟೆ. ಅವಳಿಗೆ ಇನ್ನೂ ಹೇಳಿಲ್ಲ.

ಆ ಹಿಸ್ಟರಿ ಫೈಲು ಕೊನೆಯ ಐನೂರು ಸಾಲುಗಳನ್ನು ಮಾತ್ರ ಉಳಿಸಿಕೊಳ್ಳುತ್ತದೆ. ಹೊಸದು ಹೊಡೆದಂತೆ ಹಳೆಯದು ಮೇಲಿನಿಂದ ಉದುರುತ್ತ ಹೋಗುತ್ತದೆ. ಅವರ ಸಾಲುಗಳು ಆಗಲೇ ಮೇಲಿನ ತುದಿಗೆ ಸಾಕಷ್ಟು ಹತ್ತಿರ ಬಂದಿದ್ದವು. ಇನ್ನು ಆ ಟ್ಯಾಬಿನಲ್ಲಿ ಯಾವ ಆಜ್ಞೆಯನ್ನೂ ಹೊಡೆಯಬಾರದೆಂದು ಅಂದೇ ಗಟ್ಟಿ ಮಾಡಿಕೊಂಡೆ. ಬೇರೆ ಫೈಲಿಗೆ ನಕಲು ಮಾಡಿಡುವುದು ಸುಲಭ, ಅದನ್ನು ಲ್ಯಾಬಿನ ಮಕ್ಕಳೂ ಮಾಡಬಲ್ಲರು. ನನಗೆ ಅದನ್ನು ನಕಲು ಮಾಡುವ ಮನಸ್ಸಾಗಲಿಲ್ಲ.

ಸೋಮವಾರ ಮುಂಜಾನೆ ಬಸ್ಸಿಗೆ ಹೋಗುವ ಮುನ್ನ ಅಂಗಡಿಗೆ ಹೋದೆ. ಪಾಲುದಾರ ಆಗಷ್ಟೇ ಶಟರ್ ಎತ್ತಿ ಒಂದು ಮೋಟಾರಿನ ಹಳೆಯ ತಂತಿ ಕೀಳುತ್ತ ಕೂತಿದ್ದ. ನನ್ನನ್ನು ನೋಡಿ ಎದ್ದು ನಿಂತ.

‘ಏನ್ರಿ ಅತ್ತಿಗಿ, ಇಷ್ಟ ಜಲ್ದಿ?’

‘ಒಂದು ಮಾತು ಹೇಳಬೇಕಿತ್ತು. ಅವತ್ತು ನಿನಗ ಸುಳ್ಳು ಹೇಳೀನಿ. ನಿಮ್ಮಣ್ಣ ಬರದಿಟ್ಟಿದ್ದನ್ನ ಅವರು ಅಳಿಸಿಲ್ಲ. ನಾ ಅಳಿಸೀನಿ.’

ಅವನಿಗೆ ಮೊದಲು ಅರ್ಥವಾಗಲಿಲ್ಲ. ಬಿಡಿಸಿ ಹೇಳಿದೆ. ಕೇಳುತ್ತ ಕೈಯಲ್ಲಿನ ಇಕ್ಕಳವನ್ನು ಒರೆಸುತ್ತಿದ್ದ.

‘ಹೋಗ್ಲಿ ಬಿಡ್ರಿ. ಯಾರಿಂದ ಹೋದ್ರೇನು, ಹೋದದ್ದು ಹೋತು. ಆ ಮುಕ್ಕುಂದದ ಮೋಟ್ರ ನಾನ ಅಂದಾಜಿನ ಮ್ಯಾಲೆ ಸುತ್ತಿ ಕೊಟ್ಟೆ. ಓಡಾಕತ್ತೈತಿ.’

‘ಹಂಗಲ್ಲ. ಅವರ ಕೈಯಿಂದ ಹೋಗಿಲ್ಲ ಅನ್ನೋದು ನಿನಗ ಗೊತ್ತಿರಬೇಕು ನೋಡು. ನಿನ್ನ ಸಲುವಾಗೇ ಬರೀತಿದ್ದರು.’

ಅವನು ತಲೆ ತಗ್ಗಿಸಿ, ‘ಆತ್ರಿ’ ಎಂದ. ಸ್ಟೂಲು ಎಳೆದು, ‘ಕೂಡ್ರಿ, ಚಹಾ ತರಸ್ತೀನಿ’ ಎಂದ. ಬಸ್ಸಿಗೆ ಹೊತ್ತಾಯಿತೆಂದು ಹೇಳಿ ಹೊರಬಿದ್ದೆ. ಸಿಂಧನೂರಿನ ಬಸ್ಸು ತುಂಬಿತ್ತು, ನಿಂತೇ ಹೋದೆ.